ನಿಘಂಟಿನೊಳಗೆ ಸಿಕ್ಕಿಬಿದ್ದ ಬೌಲರು

ವಾಗ್ದೇವಿಗೆ ಮೊದಲ ವಂದನೆ. ಅಕ್ಕಿಯ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಗುರುಗಳಿಗೆ ಎರಡನೆಯದು. ಒಂದೇ ಪೊಟ್ಟಣದೊಳಗೆ ಅಗಿಯುವ ಮಿಠಾಯಿಯನ್ನೂ ಕ್ರಿಕೆಟ್ ಆಟಗಾರನನ್ನೂ ಜೊತೆಯಾಗಿ ಮಲಗಿಸಬಹುದೆಂದು ಕಂಡುಕೊಂಡ, ಹೆಸರರಿಯದ ಆ ಮಹಾನುಭಾವನಿಗೆ ಮೂರನೆಯದು. ಈ ಮೂವರ ಅನುಗ್ರಹವಿಲ್ಲದಿದ್ದರೆ ನಾನು ಇಷ್ಟು ಸಾಂಗವಾಗಿ ಮೂರ್ಖನಾಗುತ್ತಿರಲಿಲ್ಲ!

ಎಂಬತ್ತರ ದಶಕದ ನಡುವಿನ ಮಾತು. ಉಡುಪಿಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾಗಿದ್ದ ನಾನು ವಾರಕ್ಕೊಮ್ಮೆ ಪುರಾಣ ಪ್ರವಚನಕ್ಕೆಂದು ಕಾಪುವಿಗೆ ಹೋಗುತ್ತಿದ್ದೆ. ಅಲ್ಲಿ ಬಸ್ಸು ನಿಲ್ಲುವಲ್ಲಿಯೇ ಹಮೀದ್ ಬ್ಯಾರಿಗಳ ಸಣ್ಣ ಅಂಗಡಿ. ಒಮ್ಮೆ ಊದುಬತ್ತಿ ಕೊಂಡಾಗ ಅವರಲ್ಲಿ ಚಿಲ್ಲರೆ ಇರಲಿಲ್ಲ.

“ಚಿಲ್ಲರೆಗೆ ಬದಲು ಇದೊಂದು ಇಟ್ಕೊಳ್ಳಿ ಮಾಷ್ಟ್ರೆ. ಬಬಲ್‌ಗಮ್ಮು. ಒಳಗೆ ಕಾರ್ಡು ಉಂಟು.”

“ಇದನ್ನು ಏನು ಮಾಡುವುದು?”

“ಗಮ್ಮು ಅಗಿಯುವುದು, ಕಾರ್ಡು ಒಟ್ಟು ಮಾಡುವುದು. ನಾನೂ ಮಾಡ್ತೇನೆ. ನಗಬೇಡಿ ಮಾರಾಯ್ರೆ!”

ನಾನು ನಗಲಿಲ್ಲ. ಕಾರ್ಡಿನ ಎದುರು ಬದಿಯಲ್ಲಿ ಶ್ವೇತವಸ್ತ್ರಧಾರಿಯೊಬ್ಬನ ಚಿತ್ರ, ಹಿಂಬದಿಯಲ್ಲಿ ಅವನ ಊರು, ಎತ್ತರ, ಸಾಧನೆ. ಮುಂದೆ ಮೂಲ, ಹಿಂದೆ ವ್ಯಾಖ್ಯಾನ! ಇಷ್ಟು ಅಚ್ಚುಕಟ್ಟಾದ ಗ್ರಂಥವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಡಗೈ ಸ್ಪಿನ್ ಎಂದರೆ ಯಾವ ಬಗೆಯ ಮಾಯೆ? ಗೂಗ್ಲಿ ಎಂಬುದು ಯಾವ ಧಾತುವಿನಿಂದ ಹುಟ್ಟಿತು? ನಮ್ಮ ದೇಶದ ತಂಡ ಹನ್ನೊಂದು ಮಂದಿಯದೆಂದು ತಿಳಿದ ಮೇಲಂತೂ, ಗರಿ ಕಳೆದುಹೋದ ಓಲೆಗ್ರಂಥವನ್ನು ಕಂಡಾಗ ಆಗುವ ಚಡಪಡಿಕೆಯೇ ಆಯಿತು. ಹನ್ನೊಂದನ್ನೂ ಕೂಡಿಸದೆ ನೆಮ್ಮದಿಯಿಲ್ಲ!

ಗಮ್ಮನ್ನು ಅಗಿಯುವ ಸಂಪ್ರದಾಯ ನಮ್ಮ ವಂಶದಲ್ಲಿಲ್ಲ. ಆದ್ದರಿಂದ ಅದನ್ನು ಒಂದು ಭರಣಿಯಲ್ಲಿ ಶೇಖರಿಸಿದೆ. ಉಪ್ಪಿನಕಾಯಿಗೆಂದು ಧರ್ಮಪತ್ನಿ ಮುಚ್ಚಳ ತೆಗೆದಳು.

“ಹೋಯ್, ಎಂತ ಇದು? ಇರುವೆಗಳಿಗೆ ಮದುವೆ ಊಟವಾ?”

“ಸಂಶೋಧನೆಯಲ್ಲಿ ಉಳಿದ ಶೇಷ,” ಎಂದೆ.

“ಆ ಸಂಶೋಧನೆ ಇನ್ನು ಹಿತ್ತಿಲಲ್ಲಿ ಮಾಡಿ.”

ಅಂತೂ ಹತ್ತು ಮಂದಿ ಕೂಡಿದರು. ಕೈಗವಸು ತೊಟ್ಟು ದಾಂಡಿನ ಹಿಂದೆ ಕೂರುವ ವಿಕೆಟ್ ಕೀಪರ್ ಮಾತ್ರ ಎಷ್ಟು ಪೊಟ್ಟಣ ಬಿಡಿಸಿದರೂ ದರ್ಶನ ಕೊಡಲಿಲ್ಲ. ಹಮೀದರು ದಾರಿ ತೋರಿಸಿದರು.

“ಕೀಪರ್ ನನ್ನ ಹತ್ರ ಉಂಟು. ನನಗೆ ಎಡಗೈ ಬೌಲರ್ ಇಲ್ಲ. ನಿಮ್ಮಲ್ಲಿ ಅವನದ್ದು ಎರಡು ಉಂಟಲ್ಲ, ಒಂದು ಕೊಡಿ. ಆದರೆ ಮಹಾನವಮಿಯ ಸಂಜೆ ನಾನು ಬೊಂಬಾಯಿ ಬಸ್ಸು ಹತ್ತುತ್ತೇನೆ, ಅಲ್ಲಿಂದ ಗಲ್ಫಿಗೆ. ಅದರೊಳಗೆ ಬರಬೇಕು. ಕಾರ್ಡು ಮುದುಡಿರಬಾರದು, ಆಯ್ತಾ?”

ಕಡಲ ಗಾಳಿಗೆ ನನ್ನ ಬೌಲರು ಎರಡು ಪ್ರತಿಗಳಲ್ಲೂ ಹಪ್ಪಳದಂತೆ ಸುರುಟಿಕೊಂಡಿದ್ದ. ಕೊಡಬೇಕಾದವನನ್ನು ನೆಟ್ಟಗಾಗಿಸಲು ನನ್ನ ಭಾರಿ ಸಂಸ್ಕೃತ ನಿಘಂಟಿನೊಳಗೆ ಇಟ್ಟೆ. ಎಂತಹ ಜಾಣತನ!

ನವರಾತ್ರಿಯ ಮೂಲಾ ನಕ್ಷತ್ರ ಬಂತು. ಪದ್ಧತಿಯಂತೆ ಮನೆಯ ಗ್ರಂಥಗಳನ್ನೆಲ್ಲ ಪೀಠದ ಮೇಲಿರಿಸಿ, ಮಡಿವಸ್ತ್ರ ಹೊದಿಸಿ, ಗಂಧಾಕ್ಷತೆಯಿಂದ ಸರಸ್ವತಿಯನ್ನು ಆವಾಹಿಸಿದೆ. ವಿಜಯದಶಮಿಯವರೆಗೆ ಪುಸ್ತಕ ಮುಟ್ಟುವಂತಿಲ್ಲ, ಒಂದಕ್ಷರ ಓದುವಂತಿಲ್ಲ. ಈ ವಿಷಯದಲ್ಲಿ ನಾನು ಎಷ್ಟು ಕಟ್ಟುನಿಟ್ಟೆಂದರೆ ಗೋಡೆಯ ಕ್ಯಾಲೆಂಡರನ್ನೂ ಹಿಂದುಮುಂದಾಗಿ ತೂಗಹಾಕುತ್ತೇನೆ. ಮಂಗಳಾರತಿ ಎತ್ತುವಾಗ ದೀಪದ ಬೆಳಕು ವಸ್ತ್ರದಡಿ ಉಬ್ಬಿ ನಿಂತ ನಿಘಂಟಿನ ಮೇಲೆ ಬಿತ್ತು. ಆರತಿಯನ್ನು ಅರ್ಧ ಸುತ್ತಿನಲ್ಲೇ ನಿಲ್ಲಿಸಿಬಿಟ್ಟೆ.

“ಭಕ್ತಿಯಾ?” ಎಂದಳು ಪತ್ನಿ.

“ಬೌಲರು,” ಎಂದೆ.

ವಿಷಯ ಕೇಳಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾರ್ಡಿನಲ್ಲಿ ಚಿತ್ರವೇ ಪ್ರಧಾನ, ಅಕ್ಷರ ಗೌಣ, ಆದಕಾರಣ ತೆಗೆಯಬಹುದೇ ಎಂದು ಶಾಸ್ತ್ರೀಯವಾಗಿ ವಾದಿಸಿ ನೋಡಿದೆ.

“ಕಾರ್ಡು ತೆಗೆಯಬೇಕಾದರೆ ನಿಘಂಟು ತೆರೆಯಬೇಡವಾ? ಕಳೆದ ವರ್ಷ ನಾನು ಸಕ್ಕರೆ ಕಟ್ಟಿದ ಕಾಗದ ಓದಿದ್ದಕ್ಕೆ ನೀವೇ ಬೈದದ್ದಲ್ವಾ?”

ವಾದ ಮುಗಿಯಿತು.

ಮಹಾನವಮಿಯ ಮಧ್ಯಾಹ್ನ, ಹಮೀದರ ಕೈಹಿಡಿದು ಬೇಡಿಕೊಳ್ಳಲು ಬರಿಗೈಯಲ್ಲಿ ಹೊರಟೆ. ಉಡುಪಿಯ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಓದುವಂತಿಲ್ಲ. ಕೇಳೋಣವೆಂದರೆ, ಊರಿಗೆ ಅಕ್ಷರ ಕಲಿಸಿದವನು “ಇದು ಎಲ್ಲಿಯ ಬಸ್ಸು?” ಎಂದು ಕೇಳುವುದೇ? ಕಾಪು ಬಸ್ಸು ದಿನವೂ ನಿಲ್ಲುವ ಜಾಗದಲ್ಲಿದ್ದುದನ್ನು ಹತ್ತಿದೆ. ಕಂಡಕ್ಟರ್ ನನ್ನ ಹಳೆಯ ಶಿಷ್ಯ. “ನಿಮಗೆ ಎಂತ ಟಿಕೇಟು ಮಾಷ್ಟ್ರೆ, ಕೂತ್ಕೊಳ್ಳಿ!” ಎಂದ. ನಾನೂ ಕಣ್ಮುಚ್ಚಿ ಸಹಸ್ರನಾಮಕ್ಕೆ ಕುಳಿತೆ.

ಕಣ್ತೆರೆದಾಗ ಬೆಟ್ಟದ ಮೇಲೆ ಎತ್ತರದ ಆಕೃತಿಯೊಂದು ಕಂಡಿತು. ಕಾಪುವಿನ ಕಡಲಬಂಡೆಯ ಮೇಲಿನ ದೀಪಸ್ತಂಭವೆಂದು ಕೈಮುಗಿಯದೆ ಸುಮ್ಮನಿದ್ದೆ. ಆದರೆ ದೀಪಸ್ತಂಭಕ್ಕೆ ತೋಳುಗಳೇಕೆ? ಗೊಮ್ಮಟೇಶ್ವರ! ಕಾರ್ಕಳ! ತಡವಾಗಿ ಕೈಮುಗಿದೆ.

“ಕಾಪುವಿಗಾ? ಮೊದಲೇ ಹೇಳಬಾರದಿತ್ತಾ!” ಎಂದು ಶಿಷ್ಯ ತಲೆ ಚಚ್ಚಿಕೊಂಡು, ಪಡುಬಿದ್ರಿಯ ಬಸ್ಸಿಗೆ ನನ್ನನ್ನು ಕೈಹಿಡಿದು ಹತ್ತಿಸಿದ. ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಕಾಪು ಮುಟ್ಟಿದಾಗ ಮುಸ್ಸಂಜೆ. ಬೊಂಬಾಯಿ ಬಸ್ಸು ಆಗಲೇ ಬಂದು ನಿಂತಿತ್ತು. ಹಮೀದರು ಟ್ರಂಕಿನ ಮೇಲೆ ಕುಳಿತು ದಾರಿ ನೋಡುತ್ತಿದ್ದರು. ನಾನು ಏದುಸಿರಿನಲ್ಲಿ ಎಲ್ಲವನ್ನೂ ನಿವೇದಿಸಿದೆ.

“ಪೂಜೆಗೆ ಇಟ್ಟದ್ದನ್ನು ತೆಗೆಯುವುದು ಬೇಡ ಮಾಷ್ಟ್ರೆ. ಕಿತಾಬಿನ ಮರ್ಯಾದೆ ನಮಗೆ ಗೊತ್ತಿಲ್ವಾ? ನನ್ನ ತಮ್ಮ ಮುಂದಿನ ತಿಂಗಳು ಅಲ್ಲಿಗೇ ಬರ್ತಾನೆ, ಅವನ ಹತ್ರ ಕೊಟ್ಟು ಕಳಿಸಿ. ನಿಮ್ಮದು ಈಗಲೇ ತೆಗೊಳ್ಳಿ.” ಎರಡು ಕಾರ್ಡುಗಳನ್ನು ನನ್ನ ಮುಂದೆ ಹಿಡಿದರು. “ಎರಡು ಕೀಪರ್ ಉಂಟು. ಒಬ್ಬ ನಮ್ಮವ, ಒಬ್ಬ ಹೊರಗಿನವ. ಹೆಸರು ನೋಡಿ, ನಿಮ್ಮದು ತೆಗೆಯಿರಿ.”

ಅಷ್ಟು ಹೇಳಿ ಟ್ರಂಕು ಏರಿಸಲು ಓಡಿದರು. ಹೆಸರು ನೋಡುವುದೇ? ಇಂದೇ?

ಮುಖಗಳನ್ನಷ್ಟೇ ನೋಡಿದೆ. ಒಬ್ಬನಿಗೆ ದಪ್ಪ ಮೀಸೆ, ಬಿಚ್ಚಿದ ಗುಂಡಿ, ಬಾಯಿ ತೆರೆದು ಯಾರನ್ನೋ ಗದರುತ್ತಿದ್ದ. ಇನ್ನೊಬ್ಬ ಅರೆಮುಚ್ಚಿದ ಕಣ್ಣುಗಳ, ಜಪಕ್ಕೆ ಕುಳಿತಂತಹ ಸಾತ್ವಿಕ. ನಮ್ಮವನು ಯಾರೆಂಬುದರಲ್ಲಿ ಸಂಶಯವೆಲ್ಲಿ! ಸಾತ್ವಿಕನನ್ನು ಜೇಬಿಗಿಳಿಸಿ, ಮೀಸೆಯವನನ್ನು ಬಸ್ಸಿನ ಕಿಟಕಿಯಲ್ಲಿ ಹಮೀದರಿಗೆ ಮರಳಿಸಿದೆ. ಬಸ್ಸು ಹೊರಟಿತು.

ವಿಜಯದಶಮಿಯ ಬೆಳಿಗ್ಗೆ ಗ್ರಂಥಗಳನ್ನು ಇಳಿಸಿ, ಹನ್ನೊಂದು ಕಾರ್ಡುಗಳನ್ನು ಸಾಲಾಗಿ ಹರಡಿ, ಆ ವರ್ಷದ ಮೊದಲ ಓದೆಂದು ಸಾತ್ವಿಕನ ಹಿಂಬದಿಯನ್ನು ಗಂಭೀರವಾಗಿ ಪಠಿಸಿದೆ. ಹೆಸರು. ಎತ್ತರ. ದೇಶ...

ಲಂಕೆಯವನು!

ಪತ್ನಿ ಪಾಯಸದ ಸೌಟು ಹಿಡಿದೇ ಬಂದು ನೋಡಿದಳು. “ಇವತ್ತಿನ ದಿನವೇ ಲಂಕೆಯಿಂದ ಜನ ಬರಬೇಕಾ ನಮ್ಮಲ್ಲಿಗೆ? ಆಗಲಿ, ಬಂದವರಿಗೆ ಪಾಯಸ ಬಡಿಸುವುದೇ.”

ಬೌಲರು ನಿಘಂಟಿನೊಳಗೆ ನೆಟ್ಟಗಾಗಿದ್ದ, ಗಂಧದ ಪರಿಮಳವನ್ನೂ ಹೀರಿದ್ದ. ಮಾತಿನಂತೆ ಕಳುಹಿಸಿದೆ. ಹಮೀದರು ರಜೆಯಲ್ಲಿ ಬಂದಾಗ ಮೊದಲು ಅದನ್ನೇ ಹೇಳಿದರು: “ನಿಮ್ಮ ಬೌಲರ್ ಇದ್ದಲ್ಲಿ ಇಡೀ ರೂಮು ಘಮ ಘಮ ಮಾಷ್ಟ್ರೆ!”

“ನಮ್ಮ ಆ ಮೀಸೆಯವನು?” ಎಂದೆ, ಸಾಧ್ಯವಾದಷ್ಟು ನಿರ್ಲಿಪ್ತನಾಗಿ.

“ಅವನಾ? ನಿಮಗೆ ಬೇಡವೆಂದು ಕೊಟ್ಟಿರಲ್ಲ, ರೂಮಿನ ಮಲೆಯಾಳಿಗೆ ಕೊಟ್ಟುಬಿಟ್ಟೆ.”

ಹಮೀದರ ವ್ಯಾಪಾರ ವೃದ್ಧಿಯಾಗಲಿ. ಟಿಕೇಟು ಕೇಳದ ಶಿಷ್ಯನಿಗೆ ಆಯುರಾರೋಗ್ಯ ಲಭಿಸಲಿ. ಪಾಯಸ ಬಡಿಸಿದವಳು ದೀರ್ಘಸುಮಂಗಲಿಯಾಗಿರಲಿ. ಹಿತ್ತಿಲಿನ ಇರುವೆಗಳಿಗೂ ಕ್ಷೇಮವಾಗಲಿ. ಅಂದಿನಿಂದ ನಮ್ಮ ದೇಶದ ಹತ್ತು ಮಂದಿಯ ಹಿಂದೆ ಕುಳಿತು, ಒಂದು ಚೆಂಡನ್ನೂ ಕೈಬಿಡದೆ ಕಾಯುತ್ತಿರುವ ಲಂಕೆಯ ಆ ಸಾತ್ವಿಕನಿಗೆ ವಿಶೇಷ ಆಶೀರ್ವಾದ. ನಮ್ಮ ತಂಡದಲ್ಲಿ ಕಣ್ಣುಮುಚ್ಚಿ ಆರಿಸಲ್ಪಟ್ಟವನು ಅವನೊಬ್ಬನೇ. ಆರಿಸಿದ ಪಂಡಿತನಿಗೂ ದೇವರು ಕಣ್ಣು ಕೊಡಲಿ!