ನಾಯಕನಿಲ್ಲದ ಕತೆಗೆ ಒಬ್ಬ ಸಂಪಾದಕ

ಶರ್ವಾಣಿ: ನನ್ನ ಕತೆಯ ಅರ್ಧ ಎಲ್ಲಿ ಹೋಯಿತು ಮಾರಾಯ್ರೆ?

ರಂಜಿತ್: ಹೋದದ್ದಲ್ಲ, ನಾನೇ ತೆಗೆದದ್ದು. ಕತೆಯ ಮಧ್ಯ ಟಿವಿ ಸುದ್ದಿ, ಬಿರಿಯಾನಿ ಆಫರ್, ‘ರೂಮ್ ಬಾಡಿಗೆಗಿದೆ’! ಬೇರೆ ಯಾವುದೋ ಫೈಲ್ ಸೇರಿಹೋಗಿದೆ ಅಂತ ಗ್ರಹಿಸಿದೆ.

ಗಲ್ಫಿನ ಮಲಾಜ್ ಬಡಾವಣೆಯ ಫ್ಲಾಟಿನಲ್ಲಿ ಶುಕ್ರವಾರದ ಚಹಾ ತಣ್ಣಗಾಗುತ್ತಿತ್ತು. ರಂಜಿತ್ ಸೈಟ್ ಇಂಜಿನಿಯರ್. ಕನ್ನಡ ಸಂಘದವರು ಅವನನ್ನು ಹಿಡಿದು ಸ್ಮರಣ ಸಂಚಿಕೆಯ ಸಂಪಾದಕನನ್ನಾಗಿ ಮಾಡಿದ್ದರು. ಪಾಪ, ಅವರಿಗೂ ಬೇರೆ ಯಾರೂ ಸಿಕ್ಕಿರಲಿಲ್ಲ. ಹೆಂಡತಿ ಶರ್ವಾಣಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಇದು ಅವಳ ಮೊದಲ ಕತೆ. ಸಂಚಿಕೆ ಅಚ್ಚಿಗೆ ಹೋಗುವುದು ಇವತ್ತೇ.

ಶರ್ವಾಣಿ: ಅದು ತಂತ್ರ ರೀ! ಅಮೆರಿಕದವರು ನೂರು ವರ್ಷದ ಹಿಂದೆಯೇ ಕಾದಂಬರಿಯಲ್ಲಿ ಹೀಗೆ ಮಾಡಿದ್ದಾರೆ. ಪೇಪರಿನ ತಲೆಬರಹ, ಜಾಹೀರಾತು, ಹಾಡಿನ ತುಂಡು, ಹತ್ತು ಜನರ ಮನಸ್ಸಿನ ಮಾತು. ಎಲ್ಲ ಒಟ್ಟಾದರೆ ಇಡೀ ಊರು ಕಾಣುತ್ತದೆ.

ರಂಜಿತ್: ಊರು ಕಾಣಲಿಕ್ಕೆ ಕಿಟಕಿ ಉಂಟಲ್ಲ. ಕತೆಯ ಹೀರೋ ಯಾರು?

ಶರ್ವಾಣಿ: ಯಾರೂ ಇಲ್ಲ. ಸಮಾಜವೇ ನಾಯಕ.

ರಂಜಿತ್: ಎಂತ ಸಮಾಜ? ಅದಕ್ಕೆ ವೀಸಾ ಉಂಟಾ, ಇಲ್ಲಿ ಇರಲಿಕ್ಕೆ ಇಕಾಮಾ ಕಾರ್ಡ್ ಉಂಟಾ?

ಶರ್ವಾಣಿ: ಮತ್ತೆ ನನ್ನ ಕತೆಯ ಡ್ರೈವರ್ ಮೊದಲ ಪುಟದಲ್ಲಿ ಊರಿಗೆ ವಾಪಸು ಹೋಗಿ, ಕೊನೆಯ ಪುಟದಲ್ಲಿ ಇಲ್ಲಿಗೆ ಬರುತ್ತಿದ್ದನಲ್ಲ, ಅದು?

ರಂಜಿತ್: ಅದನ್ನೂ ಸರಿ ಮಾಡಿದ್ದೇನೆ. ನೀನು ಮೂರನೇ ಮಹಡಿ ಕಟ್ಟಿ ಆಮೇಲೆ ಪಾಯ ತೆಗೆದಿದ್ದೆ.

ಶರ್ವಾಣಿ: ಈಗ ಉಳಿದದ್ದು ಎಂತ ಗೊತ್ತುಂಟಾ? ‘ಅವನು ಬಂದ. ದುಡಿದ. ಹೋದ.’

ರಂಜಿತ್: ನೋಡು, ಎಷ್ಟು ಚಂದ ಅರ್ಥ ಆಗುತ್ತದೆ!

ಶರ್ವಾಣಿಯ ಕಣ್ಣು ತುಂಬಿತು. ಶಾಲೆಯ ಬಸ್ಸು ಬರುವ ಮೊದಲು ಎದ್ದು ಕೂತು ಬರೆದ ಕತೆ ಅದು. ರಂಜಿತ್ ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದ, ಆದರೆ ಸಂಪಾದಕನ ಗತ್ತು ಬಿಡಬೇಕಲ್ಲ! ಅಷ್ಟರಲ್ಲಿ ಸಂಘದ ಅಧ್ಯಕ್ಷ ಕಾಸಿಂ ಸಾಹೇಬರ ಫೋನು ಬಂತು. ಅವನು ಸ್ಪೀಕರಿಗೆ ಹಾಕಿದ.

ಕಾಸಿಂ: ರಂಜಿತಣ್ಣ, ಮೇಡಂ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ ಪೂರ್ತಿ ಕತೆಯನ್ನು ಸೂಪರ್‌ಮಾರ್ಕೆಟಿನ ಅಬ್ದುಲ್ ಜಲೀಲ್ ಸಾಹೇಬರು ಓದಿದರು. ಜಾಹೀರಾತಿನ ಪುಟ ಯಾರೂ ನೋಡುವುದಿಲ್ಲ, ನಮ್ಮದನ್ನೂ ಈ ಕತೆಯ ಒಳಗೇ ಹಾಕಿ ಅಂತಾರೆ. ಇಡೀ ಸಂಚಿಕೆ ಕಲರ್ ಮಾಡಿಸಿಕೊಡ್ತಾರಂತೆ! ಆದರೆ ಕತೆಯ ಹೀರೋ ಅವರ ಅಂಗಡಿಯಿಂದಲೇ ಸಾಮಾನು ತರಬೇಕಂತೆ.

ಶರ್ವಾಣಿ ಬಾಯಿ ತೆರೆಯುವ ಮೊದಲೇ ರಂಜಿತ್ ಎದ್ದು ನಿಂತ.

ರಂಜಿತ್: ಹೀರೋ ಎಲ್ಲ ಹಳೇ ಕಾಲದ್ದು ಸಾಹೇಬ್ರೆ! ನಮ್ಮ ಶರ್ವಾಣಿಯ ಕತೆಯಲ್ಲಿ ಒಂದಕ್ಷರ ಮುಟ್ಟಲಿಕ್ಕಿಲ್ಲ. ಒಬ್ಬ ಹೀರೋ ಹೋದರೆ ಅಂಗಡಿಗೆ ಒಬ್ಬನೇ ಗಿರಾಕಿ. ಇಲ್ಲಿ ಸಮಾಜವೇ ನಾಯಕ. ಇಡೀ ಮಲಾಜ್ ಚೀಲ ಹಿಡ್ಕೊಂಡು ಬರ್ತದೆ ಅಂತ ಹೇಳಿ ಅವರಿಗೆ!