ಕಾಕಾನ ಹೆಬ್ಬೆರಳು ಮತ್ತು ಕಾರಿನ ಎಣ್ಣೆ

ಮೊರಬದ ನಮ್ಮ ಕಾಕಾ ದೇವರ ಮೇಲೆ ಆಗಾಗ ಸಿಟ್ಟಾಗಿ ನಂಬಿಕೆ ಬಿಡುತ್ತಿದ್ದ. ಆದರೆ ತನ್ನ ಹೆಬ್ಬೆರಳಿನ ಮೇಲಿನ ನಂಬಿಕೆಯನ್ನು ಒಂದು ದಿನವೂ ಬಿಟ್ಟವನಲ್ಲ! ಗಾಣದಿಂದ ಕುಸುಬಿ ಎಣ್ಣೆ ಬಂದರೆ ಸಾಕು, ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಕೈ ಓರೆ ಮಾಡುವನು. ಸರ್ರನೆ ಜಾರಿದರೆ ಕಲಬೆರಕೆ, ನಿಧಾನ ಜಾರಿದರೆ ಮನೆಯೊಳಗೆ ಪ್ರವೇಶ. ಇದು ಅಡುಗೆಮನೆಗೇ ಮುಗಿದಿದ್ದರೆ ಯಾರ ತಕರಾರೂ ಇರಲಿಲ್ಲ. ಎಂಬತ್ತರ ದಶಕದಲ್ಲಿ ಕಾಕಾ ಕಾರು ಕೊಂಡ!

ಕೊಂಡದ್ದು ಹೆಂಡತಿಗಾಗಿ, ಅಂದರೆ ನಮ್ಮ ಕಾಕುವಿಗಾಗಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಯಲ್ಲಿ ಆಪರೇಶನ್ ನಿಗದಿಯಾಗಿತ್ತು. ಅವಳನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಒಯ್ಯಲು ಕಾಕಾನಿಗೆ ಮನಸ್ಸಿಲ್ಲ. ಹೊಸದಾಗಿ ಬಂದಿದ್ದ ಸಣ್ಣ ಕಾರು ಅದು. ತೆಳು ಎಣ್ಣೆಯನ್ನೇ ಹಾಕಬೇಕೆಂದು ಅದರ ಪುಸ್ತಕದಲ್ಲಿ ಬರೆದಿತ್ತು. ಮೆಕ್ಯಾನಿಕ್ ಡಬ್ಬಿ ತೆರೆದ. ಉಗುರಿನ ಮೇಲಿನ ಹನಿ ಕ್ಷಣದಲ್ಲಿ ಕಾಕಾನ ಅಂಗಿಯ ತೋಳು ಸೇರಿತು.

"ಇದು ಎಣ್ಣಿನೋ ನೀರಮಜ್ಜಿಗಿನೋ, ತಮ್ಮಾ?"

"ಹೊಸಾ ನಮೂನಿ ಎಂಜಿನ್ ಐತ್ರಿ ಸಾವ್ಕಾರ್ರ. ಒಳಗಿನ ಸಂದಿ ಭಾಳ ಸಣ್ಣವು. ದಪ್ಪ ಎಣ್ಣಿ ಹೋಗಂಗಿಲ್ರಿ."

"ನಮ್ಮ ಟ್ರ್ಯಾಕ್ಟರ್ ದಪ್ಪ ಎಣ್ಣಿ ಕುಡದು ಎರಿ ಹೊಲಾ ಉಳತೈತಿ. ಇದಕ್ಕೇನು ಬಾಣಂತಿ ಪಥ್ಯೇನು?"

ಆಪರೇಶನ್‌ಗೆ ಎರಡು ದಿನವಿದ್ದಾಗ ಕಾಕಾ ತೆಳು ಎಣ್ಣೆಯನ್ನೆಲ್ಲ ಇಳಿಸಿ, ಟ್ರ್ಯಾಕ್ಟರಿನ ಗೇರಿಗೆಂದು ತಂದಿದ್ದ ದಪ್ಪನೆಯ ಎಣ್ಣೆ ಸುರಿದ. ಉಗುರಿನ ಮೇಲೆ ಅದು ಕದಲಲೇ ಇಲ್ಲವಂತೆ! ಇಳಿಸಿದ್ದನ್ನು ಮನೆಯ ಬಾಗಿಲುಗಳಿಗೆಲ್ಲ ಹಚ್ಚಿದ. ಕಾಕುವಿಗೆ ಸಿಟ್ಟು ಬಂತು.

"ಬಾಗಲಾ ಕಿರ್ ಅಂದ್ರ ಯಾರರೆ ಬಂದ್ರು ಅಂತ ತಿಳೀತಿತ್ತು. ಅದನ್ನೂ ಮೂಕ ಮಾಡಿದ್ರಿ?"

ಆಪರೇಶನ್ ದಿನ ಬೆಳಿಗ್ಗೆ ಚಳಿಯೋ ಚಳಿ. ಕೀಲಿ ತಿರುಗಿಸಿದರೆ ಕಾರು ಒಮ್ಮೆ ನರಳಿ ಸುಮ್ಮನಾಯಿತು. ಓಣಿಯವರೆಲ್ಲ ಸೇರಿ ನೂಕಿದರು. ಎಲ್ಲರೂ ಬೆವೆತರು, ಎಂಜಿನ್ ಮಾತ್ರ ಬಿಸಿಯಾಗಲಿಲ್ಲ. ಮೊದಲ ಬಸ್ಸೂ ಹೋಗಿಬಿಟ್ಟಿತು. ಕೊನೆಗೆ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಗಾದಿ ಹಾಸಿ ಕಾಕುವನ್ನು ಕೂಡಿಸಿದೆವು.

"ಕಡೀಕೂ ನಿಮ್ಮ ದಪ್ಪ ಎಣ್ಣಿನ ನನ್ನ ಒಯ್ಯಾಕ ಬಂತು ನೋಡ್ರಿ!" ಎಂದಳು ಕಾಕು.

ಟ್ರ್ಯಾಕ್ಟರ್ ನಡೆಸುತ್ತಿದ್ದ ಕಾಕಾ ಒಂದೊಂದು ತಗ್ಗು ಬಂದಾಗಲೂ ಹಿಂತಿರುಗಿ ಅವಳನ್ನು ನೋಡುತ್ತಿದ್ದ. ಅವಳನ್ನು ದವಾಖಾನೆಯಲ್ಲಿ ಬಿಟ್ಟವನೇ ಮೆಕ್ಯಾನಿಕ್‌ನನ್ನು ಊರಿಗೆ ಕರೆತಂದ.

"ಪುಸ್ತಕದಾಗ ಇದ್ದದ್ದನ್ನ ಹಾಕು ತಮ್ಮಾ. ಅಕೀನ ಕರಕೊಂಡ ಬರೂದೈತಿ."

ಎಣ್ಣೆ ಹಾಕುವಷ್ಟು ಹೊತ್ತೂ ಕಾಕಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೇ ನಿಂತಿದ್ದ.

ಕಾಕು ಕಾರಿನಲ್ಲೇ ಮನೆಗೆ ಬಂದಳು. ಕಣ್ಣಿಗೆ ಕನ್ನಡಕ ಬಂದ ದಿನ ಕಾಕಾ ಎಂಜಿನ್ನಿನಿಂದ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೇರ ಅವಳ ಮುಂದೆ ಹಿಡಿದ. ಜೀವಮಾನದಲ್ಲಿ ಎಣ್ಣೆಯ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳದವನು!

"ಬಣ್ಣ ಹೆಂಗೈತಿ, ನೋಡಿ ಹೇಳು."

ಅವನಿಗೆ ಬೇಕಾಗಿದ್ದುದು ಎಣ್ಣೆಯ ಸುದ್ದಿಯಲ್ಲ ಎಂದು ಅವನು ಅವಳ ಕಣ್ಣನ್ನೇ ನೋಡುತ್ತ ನಿಂತದ್ದನ್ನು ಕಂಡಾಗಲೇ ನನಗೆ ತಿಳಿದದ್ದು.

"ಜೇನಿನಂಗ ಐತ್ರಿ," ಎಂದು ಕಾಕು ಕಡ್ಡಿ ಬಿಟ್ಟು ಅವನ ಮುಖವನ್ನೇ ನೋಡಿದಳು. "ಅದಿರಲಿ, ನಿಮ್ಮ ಮೀಸಿ ಯಾವಾಗ ಇಷ್ಟು ಬೆಳ್ಳಗಾತು?"

ಕಾಕಾ ನಗಲು ಹೋಗಿ ಅತ್ತುಬಿಟ್ಟ. ಎಣ್ಣೆ ಮೆತ್ತಿದ ಹೆಬ್ಬೆರಳಿನಿಂದಲೇ ಕಣ್ಣೊರೆಸಿಕೊಂಡ.