ಬಸ್ಸಿನ ಕಿಟಕಿಯಲ್ಲಿ ಅಮ್ಮ

ಪುಸ್ತಕದ ಮೂಲೆ ಕೂಸಿನ ಕಣ್ಣಿಗೆ ಚುಚ್ಚಬಹುದಿತ್ತು. ಹಾಳೆ ಕಿತ್ತು ನುಂಗಬಹುದಿತ್ತು. ಪುಸ್ತಕವೇ ಬೇಡವೆಂದು ಬಚ್ಚಲಿಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಿತ್ತು. ಶೇಂಗಾ ಬೀಜ ಮೂಗಿಗೇರಬಹುದಿತ್ತು. ಕರೆಂಟು ಹೋಗಿ ಬಳ್ಳಾರಿಯ ಮಧ್ಯಾಹ್ನ ಸೀದಾ ಮನೆಯೊಳಗೇ ಬಂದು ಕೂರಬಹುದಿತ್ತು. ಇದ್ಯಾವುದೂ ಆಗದಿದ್ದರೂ, ಅಮ್ಮ ಬೇಕೆಂದು ಶುರುವಾದ ಅಳು ಸಂಜೆಯವರೆಗೂ ನಿಲ್ಲದಿರಬಹುದಿತ್ತು. ನಾನು ವಿಮೆ ಏಜೆಂಟ್. ಏನೇನು ಕೆಟ್ಟದ್ದು ಆಗಬಹುದೆಂದು ಜನರಿಗೆ ತಿಳಿಹೇಳುವುದೇ ನನ್ನ ಅನ್ನದ ದಾರಿ. ಊರಿಗೆಲ್ಲ ಹೆದರಿಕೆ ಹಂಚಿ ಹಂಚಿ, ಐವತ್ತು ದಾಟುವ ಹೊತ್ತಿಗೆ ಅದು ನನಗೇ ಅಂಟಿಕೊಂಡಿದೆ. ಗ್ಯಾಸ್ ಆರಿಸಿದೆಯೋ ಇಲ್ಲವೋ ನೋಡಲು ಹಾಸಿಗೆ ಬಿಟ್ಟು ಏಳುವವನು, ಹೊಸಿಲು ಎಡವಿದರೆ ಗತಿಯೇನೆಂದು ಅರ್ಧ ದಾರಿಯಲ್ಲೇ ನಿಂತುಬಿಡುತ್ತೇನೆ.

ಇಂಥವನ ಕೈಗೆ ಮಗಳು ಶೈಲಾ ತನ್ನ ಕೂಸನ್ನು ಕೊಟ್ಟಳು. ಹೆರಿಗೆಯಾದ ಮೇಲೆ ಮನೆಯಲ್ಲೇ ಇದ್ದವಳು ಸಿರುಗುಪ್ಪದ ಒಂದು ಲ್ಯಾಬಿಗೆ ಮತ್ತೆ ಕೆಲಸಕ್ಕೆ ಹೊರಟಿದ್ದಳು. ರಕ್ತ ತೆಗೆಯುವುದರಲ್ಲಿ ಅವಳ ಕೈ ಬಲು ಹಗುರ. ಆ ಕೆಲಸವೆಂದರೆ ಅವಳಿಗೆ ಜೀವ. ಅಳಿಯನದು ಶಿಫ್ಟಿನ ದುಡಿಮೆ. ಕುರುಗೋಡಿನ ಬೀಗರು "ನಮ್ಮಲ್ಲೇ ಬಿಡ್ರಿ" ಎಂದಿದ್ದರು, ಆದರೆ ಅಲ್ಲಿ ಬಿಟ್ಟರೆ ಮಗುವನ್ನು ವಾರಕ್ಕೊಮ್ಮೆ ನೋಡಬೇಕು. ಉಳಿದವರು ಪಕ್ಕದ ಓಣಿಯ ನಾವು.

"ಅಪ್ಪಾ, ಇವತ್ತೊಂದಿನ ನೋಡ್ತೀನಿ. ಕೂಸು ಅತ್ತೂ ಅತ್ತೂ ಸೊರಗಿತಂದ್ರ ನಾಳಿಂದ ನಾ ಹೋಗಂಗಿಲ್ಲ, ಕೆಲಸ ಬಿಡ್ತೀನಿ. ಫೋನಿನಾಗ ಸುಳ್ಳು ಹೇಳಬ್ಯಾಡ ಮತ್ತ" ಎಂದು ಹೇಳಿ, ತಿರುಗಿ ನೋಡದೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೋದಳು.

ಮೊಮ್ಮಗಳು ಪಂಪಿಗೆ ಇನ್ನೂ ಎರಡು ತುಂಬಿಲ್ಲ. ಅವಳಿಗೆಂದೇ ದಪ್ಪ ರಟ್ಟಿನ ಹಾಳೆಗಳ ಚಿತ್ರದ ಪುಸ್ತಕವೊಂದನ್ನು ತಂದಿಟ್ಟಿದ್ದೆ. ತೊಡೆಯ ಮೇಲೆ ಕೂರಿಸಿಕೊಂಡು ಓದಲು ಶುರುಮಾಡಿದೆ. "ಇದು ಬೆಕ್ಕು, ಪರಚತೈತಿ. ಇದು ಬಾವಿ, ಬಗ್ಗಿ ನೋಡಬಾರದು. ಇದು ದೀಪ, ಮುಟ್ಟಿದ್ರ ಸುಡತೈತಿ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಕೂಸಿಗೆ ಕಥಿ ಹೇಳಾಕತ್ತೀರೋ, ಪಾಲಿಸಿ ಮಾಡಸಾಕತ್ತೀರೋ?"

ಅಷ್ಟರಲ್ಲಿ ಪಂಪಿಯ ಕೆಳದುಟಿ ನಡುಗತೊಡಗಿತು. "ಅಮ್ಮ?" ಎಂದಳು. ಬಾಗಿಲ ಕಡೆ ನೋಡಿ ಮತ್ತೊಮ್ಮೆ, ಸ್ವಲ್ಪ ಜೋರಾಗಿ, "ಅಮ್ಮ?" ಎಂದಳು. ಈ ಅಳು ಶುರುವಾದರೆ ಶೈಲಾಳ ಕೆಲಸ ಮುಗಿದಂತೆ. ಗಾಬರಿಯಲ್ಲಿ ಹಾಳೆ ಮಗುಚಿದೆ. ಒಂದು ಕೆಂಪು ಬಸ್ಸು ಬಂತು. ಮುಂದಿನ ಕಿಟಕಿಯಿಂದ ಯಾರೋ ತಲೆ ಹೊರಗೆ ಹಾಕಿದ್ದರು. ದೇವರೇ ಕಳಿಸಿದಂತಿದ್ದ ಆ ಮುಖದ ಮೇಲೆ ಬೆರಳಿಟ್ಟೆ.

"ಇಲ್ಲೇ ಅದಾಳಲ್ಲವ್ವ ನಿಮ್ಮಮ್ಮ! ಬಸ್ಸಿನಾಗ ಕುಂತಾಳ, ಸಂಜಿಗೆ ಬರ್ತಾಳ."

ಪಂಪಿ ಬಗ್ಗಿ ನೋಡಿದಳು. ಮೂಗು ತಾಗುವಷ್ಟು ಹತ್ತಿರ ಹೋಗಿ, "ಅಮ್ಮ, ಬಸ್" ಎಂದು ತೀರ್ಪು ಕೊಟ್ಟು, ಒಂದು ಒದ್ದೆ ಮುತ್ತಿಟ್ಟಳು. ಆಮೇಲೆ ಬೆಕ್ಕಿಗೂ ಬಾವಿಗೂ ನಮ್ಮ ಮನೆಯಲ್ಲಿ ಬೆಲೆಯೇ ಉಳಿಯಲಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತು ಬಸ್ಸಿನ ಕಿಟಕಿಗೆ. ನೀರು ಕುಡಿದರೆ ಕಿಟಕಿಗೂ ಒಂದು ಗುಟುಕು. ಮಧ್ಯಾಹ್ನ ಪುಸ್ತಕವನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು, ಅದನ್ನು ತಟ್ಟುತ್ತ ತಟ್ಟುತ್ತ ತಾನೇ ನಿದ್ದೆಹೋದಳು. ಉಸಿರಾಡುತ್ತಿದ್ದಾಳೋ ಎಂದು ಪಕ್ಕದಲ್ಲಿ ಕೂತು ನೋಡಿದ್ದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ. ಪ್ರತಿ ಉಸಿರಿಗೂ ಬಸ್ಸು ಏರಿ ಇಳಿಯುತ್ತಿತ್ತು.

ಸಂಜೆ ಶೈಲಾ ಓಡುತ್ತಲೇ ಬಂದಳು. ಪಂಪಿ ಪುಸ್ತಕ ಬಿಸಾಕಿ ಅಮ್ಮನ ಕೊರಳಿಗೆ ಜೋತುಬಿದ್ದಳು. "ಅತ್ತಳೇನಪ್ಪ?" ಎಂದು ಕೇಳಿದವಳಿಗೆ ನನ್ನ ಹೆಂಡತಿಯೇ ಸಾಕ್ಷಿ ಹೇಳಿದಳು: "ಇಲ್ಲವ್ವ. ನಿಮ್ಮಪ್ಪಗೇ ಎರಡು ಸಲ ಕಣ್ಣಾಗ ನೀರು ಬಂದ್ವು." ಶೈಲಾ ನಕ್ಕಳು. ಆದರೆ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ನಾನು ಪಂಪಿಯನ್ನೆತ್ತಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟಾಪಿಗೆ ಹೋದೆ. ಶೈಲಾಳ ಮುಖ ಮತ್ತೆ ಬಾಡಿತ್ತು. ಬಸ್ಸು ಬಂತು. ಅವಳು ಮಗುವಿನ ಕೆನ್ನೆ ಸವರಿ, ತುಟಿ ಕಚ್ಚಿಕೊಂಡು ಹತ್ತಿದಳು. ಅದೇ ಹೊತ್ತಿಗೆ ಮುಂದಿನ ಕಿಟಕಿಯಿಂದ ಕಂಡಕ್ಟರ್ ತಲೆ ಹೊರಗೆ ಹಾಕಿ, ದಪ್ಪ ಮೀಸೆ ಕುಣಿಸುತ್ತ ಕೂಗಿದ: "ಸಿರುಗುಪ್ಪ, ಸಿರುಗುಪ್ಪ! ಲಗೂ ಬರ್ರಿ!"

ಪಂಪಿ ನನ್ನ ತೋಳಿನಲ್ಲೇ ಜಿಗಿದಳು. ಎರಡೂ ಕೈ ಅವನತ್ತ ಚಾಚಿ, ಇಡೀ ಬಸ್ಸಿಗೆ ಕೇಳುವಂತೆ, ಪ್ರೀತಿಯಿಂದ ಕೂಗಿದಳು: "ಅಮ್ಮಾ!"

ಕಂಡಕ್ಟರ್ ಸುತ್ತ ನೋಡಿದ. "ನನಗೇನವ್ವ?" ಪಂಪಿ ಗಾಳಿಯಲ್ಲೊಂದು ಮುತ್ತು ಕಳಿಸಿದಳು. "ಏ ಯಜಮಾನ್ರ, ಏನ್ ಕಲಿಸೀರಿ ಕೂಸಿಗೆ? ನಮ್ಮ ಮನ್ಯಾಗ ಕೇಳಿದ್ರ ನನ್ನ ಹೊರಗ ಹಾಕ್ತಾರ್ರಿ!" ಒಳಗಿನಿಂದ ಯಾರೋ ಅಜ್ಜಿ, "ಟಿಕೆಟ್ ಕೊಡವ್ವ ತಾಯಿ" ಎಂದಳು. ಬಸ್ಸು ನಗುತ್ತಲೇ ಹೊರಟಿತು. ಹಿಂದಿನ ಕಿಟಕಿಯಲ್ಲಿ ಶೈಲಾ ಸೆರಗು ಬಾಯಿಗಿಟ್ಟುಕೊಂಡು, ತಿರುಗಿ ತಿರುಗಿ ನೋಡುತ್ತ, ಬಿದ್ದು ಬಿದ್ದು ನಗುತ್ತಿದ್ದಳು.

ರಸ್ತೆಯಂಚಿನಲ್ಲೇ ನಿಂತು ಪುಸ್ತಕ ತೆರೆದೆ. ಹಿಂದಿನ ದಿನ, ಕೂಸು ಎಳೆದು ಕಣ್ಣಿಗೆ ಚುಚ್ಚಿಕೊಂಡೀತೆಂದು ನನ್ನ ಕನ್ನಡಕವನ್ನು ಬೀರುವಿನ ಮೇಲೆ ಜೋಪಾನವಾಗಿ ಎತ್ತಿಟ್ಟಿದ್ದೆ. ಈಗ ಅದು ಮೂಗಿನ ಮೇಲಿತ್ತು. ಎಂಜಲು, ಅನ್ನದ ಅಗುಳುಗಳ ನಡುವೆ, ಮುಂದಿನ ಕಿಟಕಿಯಲ್ಲಿ, ಸ್ಪಷ್ಟವಾಗಿ, ಕಪ್ಪಗೆ, ಎರಡೂ ತುದಿ ಹುರಿಮಾಡಿದ ಮೀಸೆ.